ಗುರುತಿಲ್ಲದ ಅಂಗಿ

ಬಳ್ಳಾರಿಯಲ್ಲಿ ನನ್ನ ಇಸ್ತ್ರಿ ಅಂಗಡಿಯ ಕಟ್ಟೆ ಮೇಲೆ ಕೂರುವ ಹಿರಿಯರು ಹಾದಿಯಲ್ಲಿ ಹೋಗುವ ಹುಡುಗರನ್ನು ನೋಡಿ ತೀರ್ಪು ಕೊಡುತ್ತಾರೆ. ಅಗಲ ಪ್ಯಾಂಟು, ಬಣ್ಣದ ಅಂಗಿ ಹಾಕಿದವನು ಕೆಟ್ಟವನು. ಧೋತರ ಉಟ್ಟವನು ಒಳ್ಳೆಯವನು. ನಾನು ಇಸ್ತ್ರಿ ತಿಕ್ಕುತ್ತ ಸುಮ್ಮನಿರುತ್ತೇನೆ. ಅವರು ಬಟ್ಟೆಯನ್ನು ಮೈಮೇಲೆ ನೋಡಿದವರು, ನಾನು ಒಗೆಯಲು ಬಂದ ಗಂಟಿನಲ್ಲಿ ನೋಡಿದವನು. ಎರಡೂ ಒಂದೇ ಅಲ್ಲ. ಇದನ್ನು ನನಗೆ ಕಲಿಸಿದ್ದು ಕುರುಗೋಡಿನ ನಮ್ಮ ಮನೆ. ಸುಲಭಕ್ಕೆ ಕಲಿಯಲಿಲ್ಲ. ಅಕ್ಕನಿಗೆ ಬಂದ ಒಳ್ಳೆಯ ಸಂಬಂಧವನ್ನು ಮುರಿಯುವವರೆಗೆ ತಂದು ಕಲಿತೆ. ಅದನ್ನೇ ಇಲ್ಲಿ ಬರೆಯುತ್ತೇನೆ. ಮೂರನೇ ಕ್ಲಾಸಿಗೆ ಸಾಲೆ ಬಿಟ್ಟವನು, ಅಲಂಕಾರ ಮಾಡಿ ಹೇಳಲು ಬರುವುದಿಲ್ಲ. ಬಂದಿದ್ದರೂ ಮಾಡುತ್ತಿರಲಿಲ್ಲ.

ನಾವು ಮಡಿವಾಳರು. ಕುರುಗೋಡಿನ ಗುಡ್ಡದ ಬುಡದಲ್ಲಿ ಎರಡು ಕೋಣೆಯ ಮಣ್ಣಿನ ಮಾಳಿಗೆ ನಮ್ಮದು. ಎರಡು ಕೋಣೆಯಲ್ಲಿ ದೊಡ್ಡದು ಊರವರ ಬಟ್ಟೆಗೆ, ಚಿಕ್ಕದು ಒಲೆಗೆ. ನಮಗೆ ಅಂಗಳ. ಮಳೆ ಬಂದರೆ ಅಪ್ಪ, ಅವ್ವ, ಅಕ್ಕ, ನಾನು ನಾಲ್ವರೂ ಒಲೆಯ ಕೋಣೆಯಲ್ಲಿ ಮೊಣಕಾಲು ಮಡಚಿ ಕೂರುತ್ತಿದ್ದೆವು. ಪಕ್ಕದಲ್ಲಿ ಗೌಡರ ಧೋತರಗಳು ಹಲಗೆಯ ಮೇಲೆ ಕಾಲು ಚಾಚಿ ಮಲಗಿರುತ್ತಿದ್ದವು. ಆ ಕೋಣೆಗೆ ಕೈ ತೊಳೆಯದೆ ಯಾರೂ ಹೋಗುವ ಹಾಗಿಲ್ಲ. ಸೌಳುಮಣ್ಣು ಹಾಕಿ ಬಟ್ಟೆ ಬೇಯಿಸುವ ಉಬ್ಬೆಯ ಗಡಿಗೆಗೆ ಅವ್ವ ಅರಿಶಿನ ಕುಂಕುಮ ಇಟ್ಟು ಕೈ ಮುಗಿದೇ ಬೆಂಕಿ ಹಚ್ಚುತ್ತಿದ್ದಳು. ಸಂಜೆ ಬುಟ್ಟಿ ಹೊತ್ತು ಒಗೆಯುವ ಮನೆಗಳಿಗೆಲ್ಲ ಹೋಗಿ ರೊಟ್ಟಿ ಪಲ್ಯ ತರುತ್ತಿದ್ದಳು. ಹತ್ತು ಮನೆಯ ಪಲ್ಯ ಒಂದೇ ಪಾತ್ರೆಗೆ ಬೀಳುತ್ತಿತ್ತು. ಪುಂಡಿ ಸೊಪ್ಪಿನ ಹುಳಿ, ಬದನೆಕಾಯಿ, ಯಾರದೋ ಮನೆಯ ಬೇಳೆ, ಎಲ್ಲ ಸೇರಿದ ಆ ರುಚಿ ಯಾವ ಮನೆಯದೂ ಅಲ್ಲ, ನಮ್ಮದೇ. ಈಗ ಬಳ್ಳಾರಿಯ ಹೋಟೆಲಿನಲ್ಲಿ ಒಂದೊಂದು ಬಟ್ಟಲಿನಲ್ಲಿ ಒಂದೊಂದು ಪಲ್ಯ ಇಟ್ಟರೆ ನಾನು ಎಲ್ಲ ಕಲಸಿಕೊಂಡು ಉಣ್ಣುತ್ತೇನೆ. ನೋಡಿದವರು ನಗುತ್ತಾರೆ. ನಗಲಿ.

ಬಟ್ಟೆ ಅದಲುಬದಲು ಆಗಬಾರದು ಎಂದು ಪ್ರತಿ ಮನೆಗೆ ಒಂದು ಗುರುತು ಇತ್ತು. ಅಪ್ಪ ಕೇರುಬೀಜವನ್ನು ಸೂಜಿಯಿಂದ ಚುಚ್ಚಿ, ಅದರ ಎಣ್ಣೆಯಲ್ಲಿ ಅಂಗಿಯಾದರೆ ಕೊರಳಪಟ್ಟಿಯ ಒಳಗೆ, ಧೋತರವಾದರೆ ಮೂಲೆಯಲ್ಲಿ ಚುಕ್ಕಿ ಗೀಟು ಹಾಕಿ ಮೇಲೆ ಸುಣ್ಣ ಒತ್ತುತ್ತಿದ್ದ. ಅದು ಕಪ್ಪಗೆ ಕೂತರೆ ಬಟ್ಟೆ ಹರಿದರೂ ಹೋಗುವುದಿಲ್ಲ. ಆ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಅಪ್ಪನ ಬಲಗೈ ತೋರುಬೆರಳ ತುದಿ ಸುಟ್ಟು ಸುಟ್ಟು ಗಟ್ಟಿಯಾಗಿತ್ತು. ಗೌಡರಿಗೆ ಎರಡು ಗೀಟು, ಪತ್ತಾರರಿಗೆ ಒಂದು ಚುಕ್ಕಿ, ಅಂಗಡಿ ಮನೆಯವರಿಗೆ ಮೂರು ಚುಕ್ಕಿ ಒಂದು ಗೀಟು. ಓದು ಬರದ ಅಪ್ಪ ಕತ್ತಲಲ್ಲಿ ಬೆರಳಾಡಿಸಿ ಇದು ಇಂಥವರದು ಅನ್ನುತ್ತಿದ್ದ. ನಮ್ಮ ಬಟ್ಟೆಗೆ ಮಾತ್ರ ಗುರುತು ಇರಲಿಲ್ಲ. ನಮ್ಮದಕ್ಕೆ ಯಾಕೆ ಬೇಕು? ಹಾಗಾಗಿ ಮಡಿವಾಳರ ಮನೆಯವನು ಹಾಕಿದ ಅಂಗಿ ಸ್ವಂತದ್ದೋ ಅಲ್ಲವೋ ಎಂದು ಇನ್ನೊಬ್ಬ ಮಡಿವಾಳ ತಿಳಿಯಬೇಕಾದರೆ ಕೊರಳಪಟ್ಟಿ ತಿರುವಿ ನೋಡಿದರೆ ಸಾಕು. ಬರಿದಾಗಿದ್ದರೆ ಸ್ವಂತದ್ದು.

ಗಿರಾಕಿಗಳ ಬಟ್ಟೆ ಹಾಕಿಕೊಂಡು ಮದುವೆ ಮುಂಜಿಗೆ ಹೋಗುವುದು ನಮ್ಮವರಲ್ಲಿ ನಡೆಯುತ್ತಿತ್ತು. ಸುಳ್ಳು ಯಾಕೆ ಹೇಳಲಿ. ಅದಕ್ಕೇ ಊರಲ್ಲಿ ಅಗಸನ ಬಡಿವಾರವೆಲ್ಲ ಹೆರರ ಬಟ್ಟೆ ಎಂದು ಗಾದೆ ಹುಟ್ಟಿತ್ತು. ಅಪ್ಪನಿಗೆ ಆ ಗಾದೆ ಕೇಳಿದರೆ ಕೇರೆಣ್ಣೆ ಬಿದ್ದ ಹಾಗೆ ಆಗುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಊರವರ ಒಂದು ಟವೆಲೂ ಹೆಗಲಿಗೆ ಹಾಕಿದ್ದಿಲ್ಲ. ಅದರ ಬದಲು ಅವನು ನಮ್ಮನ್ನು ಎದುರಿಗೆ ಕೂರಿಸಿಕೊಂಡು ಗಂಟು ಬಿಚ್ಚುತ್ತ ಬಟ್ಟೆ ಓದುವುದನ್ನು ಕಲಿಸುತ್ತಿದ್ದ. ಪತ್ತಾರರ ಹುಡುಗನಿಗೆ ಇದ್ದದ್ದು ಎರಡೇ ಅಂಗಿ. ಒಗೆಯಲು ಬರುವಾಗ ತೋಳು ನೆಟ್ಟಗೆ ಮಾಡಿರುತ್ತಿತ್ತು, ಜೇಬು ಖಾಲಿ ಇರುತ್ತಿತ್ತು, ಕಿತ್ತ ಗುಂಡಿಯನ್ನು ದಾರದಲ್ಲಿ ಕಟ್ಟಿ ಅದೇ ಕಾಜಕ್ಕೆ ಸಿಕ್ಕಿಸಿರುತ್ತಿತ್ತು. ಅಂಗಡಿ ಮನೆಯ ಶರಣಪ್ಪ ಬಳ್ಳಾರಿಯಲ್ಲಿ ಓದುತ್ತಿದ್ದ. ರಜೆಗೆ ಬಂದಾಗ ಎಂಟು ಅಂಗಿ ಒಟ್ಟಿಗೆ ಬರುತ್ತಿದ್ದವು. ಎಲ್ಲ ಒಂದರೊಳಗೊಂದು ಸುತ್ತಿ ಹಸಿ ಪಂಚೆಯಲ್ಲಿ ತುರುಕಿರುತ್ತಿದ್ದ. ಜೇಬಿನಲ್ಲಿ ಬೀಡಿ ಪುಡಿ, ಎದೆಯ ಮೇಲೆ ಎಲೆ ಅಡಿಕೆಯ ಕಲೆ.

“ಹಾಕ್ಕಂಡಾಗ ಎಲ್ಲಾರೂ ರಾಜರ ಮಕ್ಕಳs,” ಅನ್ನುತ್ತಿದ್ದ ಅಪ್ಪ. “ಬಿಚ್ಚಿ ಇಡೋದ್ರಾಗ ನೋಡಬೇಕು ಮನಷಾನ್ನ. ಅವ್ವ ಅಪ್ಪ ಏನು ಕಲಿಸ್ಯಾರ ಅಂಬೋದು ಅಲ್ಲಿ ಐತಿ.”

“ನೀ ಬಿಚ್ಚಿದ್ದು ನೋಡ್ಕಂತ ಕುಂದ್ರು,” ಅನ್ನುತ್ತಿದ್ದಳು ಅವ್ವ. “ಊರಿಗೆಲ್ಲ ಇಸ್ತ್ರಿ, ನಮ್ಮ ಹುಡುಗಗ ತ್ಯಾಪಿ.”

ಅವ್ವನ ಮಾತಿನಲ್ಲಿ ಸುಳ್ಳಿರಲಿಲ್ಲ. ಯುದ್ಧದ ಕಾಲ. ಬಟ್ಟೆ ಕಂಟ್ರೋಲಿಗೆ ಬಂದಿತ್ತು. ಕಾರ್ಡು ಹಿಡಿದು ಬಳ್ಳಾರಿಯಲ್ಲಿ ದಿನವೆಲ್ಲ ಸಾಲು ನಿಂತರೆ ಒರಟು ಮಾಂಜರಪಾಟದ ಬಟ್ಟೆ ಸಿಕ್ಕರೆ ಸಿಕ್ಕಿತು. ನನಗೆ ಇದ್ದದ್ದು ಒಂದೇ ಅಂಗಿ, ಅಪ್ಪನ ಹಳೆಯ ಧೋತರದಲ್ಲಿ ಹೊಲಿದದ್ದು. ಬಲ ಭುಜದ ಹಿಂದೆ ಅದು ಅಂಗೈಯಷ್ಟು ಹರಿದಿತ್ತು. ನನಗೆ ಆಗ ಹದಿನಾಲ್ಕು ಹದಿನೈದು. ಮೀಸೆ ಬರುವ ಮೊದಲೇ ಕನ್ನಡಿ ನೋಡುವ ಚಟ ಬಂದಿತ್ತು. ನಮ್ಮ ಮನೆಯಲ್ಲಿ ಕನ್ನಡಿ ಇರಲಿಲ್ಲ, ಉಬ್ಬೆಯ ಹತ್ತಿರದ ಬಾನಿಯ ನೀರಿನಲ್ಲಿ ನೋಡಿಕೊಳ್ಳುತ್ತಿದ್ದೆ.

ಆ ಬೇಸಿಗೆಯಲ್ಲಿ ಅಕ್ಕ ಹುಲಿಗೆಮ್ಮನನ್ನು ನೋಡಲು ಸಿರುಗುಪ್ಪದಿಂದ ಬಂದರು. ಅವರೂ ಮಡಿವಾಳರೇ. ಹಿರಿಯ ತಿಮ್ಮಪ್ಪ ಅಕ್ಕಿ ಗಿರಣಿಯವರ ಮನೆಗಳಿಗೆ ಒಗೆಯುವವರು. ಅವರ ಮಗ ಹನುಮಂತನಿಗೆ ನಮ್ಮ ಅಕ್ಕ ಮನಸ್ಸಿಗೆ ಬಂದಳು. ಅಕ್ಕನಿಗೂ ಅವನು ಮನಸ್ಸಿಗೆ ಬಂದಿದ್ದ. ಅವಳು ಹೇಳಲಿಲ್ಲ, ಆದರೆ ಅವರು ಹೋದ ಮೇಲೆ ಎರಡು ದಿನ ರೊಟ್ಟಿ ಬಡಿಯುವಾಗ ಹಾಡು ಗುನುಗುತ್ತಿದ್ದಳು. ಅದಕ್ಕಿಂತ ಮೊದಲು ಎರಡು ಸಂಬಂಧ ಬಂದು ಹೋಗಿದ್ದವು. ಒಬ್ಬರು ಹೆಣ್ಣು ಕಪ್ಪು ಅಂದರು. ಇನ್ನೊಬ್ಬರು ಏನೂ ಹೇಳದೆ ಬರುವುದನ್ನು ಬಿಟ್ಟರು. ಇನ್ನು ಉಳಿದದ್ದು ನಾವು ಸಿರುಗುಪ್ಪಕ್ಕೆ ಹೋಗಿ ಮನೆ ನೋಡುವುದು. ನಮ್ಮ ಕಡೆ ಅದಕ್ಕೆ ಒಂದು ರೀತಿ ಉಂಟು. ಹೋದವರಿಗೆ ಮೊದಲು ನೀರು ಬೆಲ್ಲ ಅಷ್ಟೇ. ಮಾತು ಕೂಡಿದರೆ ಎಲೆ ಹಾಕಿ ಹೋಳಿಗೆ ಬಡಿಸುತ್ತಾರೆ. ಹೋಳಿಗೆ ಎಲೆಗೆ ಬಿತ್ತೆಂದರೆ ಮದುವೆ ಆದ ಹಾಗೇ. ಮಾತು ಕೂಡದಿದ್ದರೆ ನೀರು ಬೆಲ್ಲದಲ್ಲೇ ಎದ್ದು ಬರಬೇಕು.

ಹೋಗುವ ಹಿಂದಿನ ದಿನ ಅಕ್ಕ ನನ್ನ ಅಂಗಿಗೆ ತೇಪೆ ಹಾಕಿದಳು. ಅವಳ ಬಿಳಿ ಸೀರೆಯೊಂದರ ಸೆರಗು ಕತ್ತರಿಸಿ, ಎಳೆ ಎಳೆಗೆ ಸೇರಿಸಿ ಹೊಲಿದಳು.

“ನೋಡ್ಲೇ ಗಾದಿ, ಹೊಲಗಿ ಎಲ್ಲಿ ಐತಿ ಹುಡುಕು ನೋಡಾಣ,” ಅಂದಳು ನನ್ನ ಹೆಸರು ಹಿಡಿದು.

“ತ್ಯಾಪಿ ಅಂದ್ರ ತ್ಯಾಪಿನs,” ಅಂದೆ ನಾನು. “ಭಿಕ್ಷಾಕ ಹೊಂಟಂಗ ಕಾಣತೈತಿ. ನಿನ್ನ ಮರ್ಯಾದಿನೂ ಹೋಗತೈತಿ.”

ಅವಳು ಮುಖ ಸಣ್ಣದು ಮಾಡಿ ಅಂಗಿಯನ್ನು ಮಡಚಿ ಇಟ್ಟಳು. ಅವಳ ಮರ್ಯಾದೆಯ ಮಾತು ನಾನು ಸುಮ್ಮನೆ ಎತ್ತಿದ್ದು. ನನ್ನ ಕಣ್ಣು ಇದ್ದದ್ದು ದೊಡ್ಡ ಕೋಣೆಯ ಹಲಗೆಯ ಮೇಲೆ. ಅಲ್ಲಿ ಶರಣಪ್ಪನ ಕೆನೆ ಬಣ್ಣದ ಪಾಪ್ಲಿನ್ ಅಂಗಿ ಇತ್ತು. ನಾನೇ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಮುತ್ತಿನಂಥ ಗುಂಡಿಗಳು. ಮರುದಿನ ಬೆಳಿಗ್ಗೆ ಕೈ ತೊಳೆದುಕೊಂಡೇ ಕೋಣೆಗೆ ಹೋಗಿ ಅದನ್ನು ಹಾಕಿಕೊಂಡೆ, ಮೇಲೆ ನನ್ನ ಅಂಗಿ ಹಾಕಿ ಮುಚ್ಚಿದೆ. ಕೈ ಮಾತ್ರ ಯಾಕೆ ತೊಳೆದೆನೋ ಗೊತ್ತಿಲ್ಲ.

ಅಪ್ಪ, ಅವ್ವ, ನಾನು ಮೂವರು ಹೊರಟೆವು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದ ಕಾಲ. ಹಿಂದೆ ಕಟ್ಟಿದ ಇದ್ದಿಲ ಒಲೆ ಉರಿಯುತ್ತಿತ್ತು, ನಮಗೆ ಸಿಕ್ಕಿದ್ದು ಅದರ ಪಕ್ಕದ ಜಾಗ. ಎರಡು ಅಂಗಿಯೊಳಗೆ ನಾನು ಉಬ್ಬೆಗೆ ಹಾಕಿದ ಬಟ್ಟೆಯಂತೆ ಬೇಯುತ್ತಿದ್ದೆ.

“ಯಾಕಲೇ ಇಷ್ಟು ಬೆವರಾಕತ್ತಿ?” ಅಂದ ಅಪ್ಪ.

“ಸೆಕಿ ಐತಿ.”

“ನಮಗೂ ಐತಿ ಸೆಕಿ.”

“ಹುಡುಗ ಎಳೇದು ಬಿಡ್ರಿ, ಹೆದರೈತಿ,” ಅಂದಳು ಅವ್ವ.

ಸಿರುಗುಪ್ಪದಲ್ಲಿ ಇಳಿದಾಗ ಗದ್ದೆಯ ಗಾಳಿ ಬಂತು. ನಮ್ಮ ಕಪ್ಪು ನೆಲದ ಒಣ ಊರಿನಿಂದ ಬಂದವರಿಗೆ ಕಾಲುವೆ ತುಂಬ ಹರಿಯುವ ನೀರು ನೋಡುವುದೇ ಹಬ್ಬ. ಅಪ್ಪ ನಿಂತು ನೋಡಿದ. “ಇಷ್ಟು ನೀರಾಗ ಒಗದ್ರ ಕೈ ನೋಯಂಗಿಲ್ಲ ಹುಲಿಗಿಗೆ,” ಅಂದ. ಅವರಿಬ್ಬರೂ ಮುಂದೆ ನಡೆದರು. ನಾನು ಕಾಲು ತೊಳೆಯುವ ನೆವ ಮಾಡಿ ಹಿಂದೆ ಉಳಿದು ಮೇಲಿನ ಅಂಗಿ ತೆಗೆದು, ಓಡಿ ಹೋಗಿ ಅದನ್ನು ಅವ್ವನ ಚೀಲಕ್ಕೆ ತುರುಕುವಷ್ಟರಲ್ಲಿ ತಿಮ್ಮಪ್ಪನವರ ಮನೆಯ ಅಂಗಳ ಬಂದಿತ್ತು. ಚೀಲ ಹಿಡಿದ ಅವ್ವ ತಿರುಗಿದಳು, ಅಪ್ಪನೂ ತಿರುಗಿದ. ಅಪ್ಪನ ಮುಖದಲ್ಲಿ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಅಷ್ಟರಲ್ಲಿ ತಿಮ್ಮಪ್ಪನವರು ಕೈ ಮುಗಿದು ಎದುರಿಗೆ ಬಂದಿದ್ದರು.

“ಬರ್ರಿ, ಬರ್ರಿ. ಒಳಗ ಬರ್ರಿ. ತಮ್ಮಾ, ಬಾರಪಾ.”

ಚಾಪೆ ಹಾಸಿದರು. ನೀರು ಬೆಲ್ಲ ಬಂತು. ಒಳಗಿನಿಂದ ಹೂರಣ ಬೇಯುವ ವಾಸನೆ ಬರುತ್ತಿತ್ತು. ಹನುಮಂತ ಬಾಗಿಲ ಹತ್ತಿರ ನಿಂತಿದ್ದ. ಮಾಸಲು ಅಂಗಿ, ಮೊಣಕೈಯಲ್ಲಿ ಬೇರೆ ಬಟ್ಟೆಯ ತುಂಡು. ಮದುಮಗ ನಾನೋ ಅವನೋ ಎಂದು ಯಾರಾದರೂ ಕೇಳುವಂತಿತ್ತು. ನನಗೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಎಂಥ ದಡ್ಡ ನಾನು. ಊರೆಲ್ಲ ಬಿಟ್ಟು ಮಡಿವಾಳರ ಮನೆಗೆ ಗಿರಾಕಿಯ ಅಂಗಿ ಹಾಕಿಕೊಂಡು ಬಂದಿದ್ದೆ. ಬೇರೆ ಯಾವ ಮನೆಯಲ್ಲೂ ಸಿಕ್ಕಿಬೀಳುತ್ತಿರಲಿಲ್ಲ. ತಿಮ್ಮಪ್ಪನವರು ನನ್ನನ್ನು ಹತ್ತಿರ ಕೂರಿಸಿಕೊಂಡು ಪ್ರೀತಿಯಿಂದಲೇ ಹೆಗಲ ಮೇಲೆ ಕೈ ಹಾಕಿದರು. ಕೈ ಕೊರಳಿಗೆ ಹೋಯಿತು. ಹೆಬ್ಬೆರಳು ಕೊರಳಪಟ್ಟಿಯನ್ನು ತಿರುವಿತು. ಅವರು ಬೇಕೆಂದು ಮಾಡಿದ್ದಲ್ಲ, ಕಸುಬಿನ ಕೈ ಅದು. ಅಲ್ಲೇ ನಿಂತಿತು.

“ತಮ್ಮಾ, ಮೂರು ಚುಕ್ಕಿ ಒಂದು ಗೀಟು. ನಿಮ್ಮೂರಾಗ ಅದು ಯಾರ ಮನಿದಪಾ?”

ತಿಮ್ಮಪ್ಪನವರು ಕೈ ತೆಗೆದು ಅಪ್ಪನ ಕಡೆ ತಿರುಗಿದರು.

“ಮಾರೆಪ್ಪಣ್ಣಾ, ತಪ್ಪು ತಿಳ್ಕಬ್ಯಾಡ್ರಿ. ನನ್ನ ತಮ್ಮ ಗಿರಣಿಯವರ ರೇಷ್ಮಿ ಪಂಚಿ ಉಟ್ಕಂಡು ಮದಿವಿಗೆ ಹೋಗಿ ಬೀಡಿ ಕಿಡಿ ಬೀಳಿಸ್ಕಂಡ. ಅವತ್ತು ಹೋದ ಮನಿ ಮತ್ತ ಹಿಡಿಯಾಕ ನನಗ ಆರು ವರ್ಷ ಬೇಕಾತು. ಅವರ ಬಾಗಿಲಾಗ ನಿಂತು ಎಷ್ಟು ಮಾತು ಕೇಳೀನಿ. ಹೆಣ್ಣು ಚಲೋ ಐತ್ರಿ. ಆದ್ರ ಮನಿ ಪದ್ಧತಿ ಹೆಣ್ಣಿನ ಸಂಗಾಟ ಬರತೈತಿ.”

ಊರವರ ಒಂದು ಟವೆಲೂ ಹೆಗಲಿಗೆ ಹಾಕದ ಅಪ್ಪ, ನನ್ನಿಂದ ತಲೆ ತಗ್ಗಿಸಿ ಕೂತಿದ್ದ. ಅವ್ವ ಸೆರಗಿನ ತುದಿ ಹಿಡಿದು ತಿರುವುತ್ತಿದ್ದಳು. ನನಗೆ ರೊಟ್ಟಿ ಬಡಿಯುತ್ತ ಗುನುಗುವ ಅಕ್ಕನ ನೆನಪಾಯಿತು. ಎದ್ದು ನಿಂತೆ.

“ಅಪ್ಪಗ ಗೊತ್ತಿಲ್ರಿ. ಅವ್ವಗೂ ಗೊತ್ತಿಲ್ಲ. ಅಕ್ಕಗಂತೂ ಇಲ್ಲ. ನಾನs ಕದ್ದು ಹಾಕ್ಕಂಡೀನಿ, ನನ್ನ ಅಂಗಿಗೆ ತ್ಯಾಪಿ ಇತ್ತು ಅಂತ. ನಮ್ಮ ಮನ್ಯಾಗ ಇದು ಪದ್ಧತಿ ಇಲ್ರಿ. ಬೇಕಾದ್ರ ಅಪ್ಪನ ಅಂಗಿ ನೋಡ್ರಿ.”

“ಬಿಚ್ಚು ಅದನ್ನ,” ಅಂದರು ತಿಮ್ಮಪ್ಪನವರು.

ಬಿಚ್ಚಿದೆ. ಕಣ್ಣು ಮಂಜಾಗಿತ್ತು, ಆದರೆ ಕೈಗೆ ಕಣ್ಣು ಬೇಕಾಗಿರಲಿಲ್ಲ. ಗುಂಡಿಗಳನ್ನು ಎಳೆಯದೆ ಒಂದೊಂದಾಗಿ ತೆಗೆದೆ. ತೋಳನ್ನು ಒಳಗಿನಿಂದ ಬೆರಳು ಕೊಟ್ಟು ನೆಟ್ಟಗೆ ಮಾಡಿದೆ. ಜೇಬಿಗೆ ಕೈ ಹಾಕಿ ನೋಡಿದೆ, ಏನೂ ಇರಲಿಲ್ಲ. ಬೆವರು ಹಿಡಿದ ಕೊರಳನ್ನು ಗಾಳಿಗೆ ಬಿಡಿಸಿ, ಭುಜದ ಹೊಲಿಗೆಗೆ ಹೊಲಿಗೆ ಸೇರಿಸಿ, ನೆಲಕ್ಕೆ ತಾಗಬಾರದು ಎಂದು ಮೊಣಕಾಲು ಊರಿ ಕೂತು ತೊಡೆಯ ಮೇಲಿಟ್ಟು ಮಡಚಿದೆ. ಅಳುತ್ತಿದ್ದೆ. ಕಣ್ಣೀರು ಅದರ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದೆ. ಇದನ್ನೆಲ್ಲ ಬೇಕೆಂದು ಮಾಡಲಿಲ್ಲ. ಬೇರೆ ರೀತಿ ಬಿಚ್ಚುವುದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಅವ್ವನ ಚೀಲದಿಂದ ನನ್ನ ಅಂಗಿ ತೆಗೆದು ಹಾಕಿಕೊಂಡು, ಬೆನ್ನು ಮಾಡಿ ಬಾಗಿಲ ಕಡೆ ನಿಂತೆ. ಹೋಗು ಅಂದರೆ ಹೋಗಲು ತಯಾರಾಗಿ.

ಒಳಗಿನಿಂದ ತಿಮ್ಮಪ್ಪನವರ ಹೆಂಡತಿ ಬಂದರು, ಕೈಯಲ್ಲಿ ಹಿಟ್ಟು ಮೆತ್ತಿತ್ತು. ನನ್ನ ಬೆನ್ನ ಹತ್ತಿರ ನಿಂತು ಭುಜದ ಬಟ್ಟೆಯನ್ನು ಮೊಣಕೈಯಿಂದ ಒತ್ತಿ ನೋಡಿದರು.

“ಈ ತ್ಯಾಪಿ ಯಾರು ಹಾಕ್ಯಾರ?”

“ಅಕ್ಕ,” ಅಂದೆ.

“ಹೊಲಗಿ ಎಲ್ಲೈತಿ?”

“ಹುಡುಕಬೇಕ್ರಿ.”

ಅವರು ಸ್ವಲ್ಪ ಹೊತ್ತು ಹುಡುಕಿದರು. ಆಮೇಲೆ ಗಂಡನ ಮುಖ ನೋಡಿದರು.

“ಹುಡುಗ ಹೆಂಗ ಬಿಚ್ಚಿ ಮಡಚಿದ, ನೋಡಿದೇನು?” ಅಂದರು ತಿಮ್ಮಪ್ಪನವರು.

“ನಾ ತ್ಯಾಪಿ ನೋಡ್ದೆ,” ಅಂದರು ಅವರು.

“ಮತ್ತ ಹಂಗ ನಿಂತಿಯಲ್ಲ. ಎಲಿ ಹಾಕು.”

ಎಲೆಗೆ ಹೋಳಿಗೆ ಬಿತ್ತು. ಅಪ್ಪ ಒಂದು ತುತ್ತು ಬಾಯಿಗೆ ಇಟ್ಟುಕೊಂಡು ಬಹಳ ಹೊತ್ತು ಅಗಿದ. ನಾನು ಹೋಳಿಗೆಯ ಅಂಚು ಮುರಿಯುತ್ತ ಕೂತಿದ್ದೆ. “ಉಣ್ಣಲೇ ತಮ್ಮಾ, ಅತ್ತಾಗ ಹಸಿವು ಹೆಚ್ಚು,” ಎಂದು ಹನುಮಂತ ಇನ್ನೊಂದು ಹಾಕಿದ. ಅವನನ್ನು ಭಾವ ಎಂದು ಮೊದಲು ಕರೆದದ್ದು ಆಗಲೇ, ಸಾಕು ಭಾವ ಅಂತ.

ಬರುವಾಗ ಬಸ್ಸಿನಲ್ಲಿ ಶರಣಪ್ಪನ ಅಂಗಿ ಅಪ್ಪನ ತೊಡೆಯ ಮೇಲಿತ್ತು, ಇದ್ದಿಲ ಮಸಿ ತಾಗದಂತೆ ತನ್ನ ಟವೆಲು ಸುತ್ತಿದ್ದ. ಕುರುಗೋಡಿನಲ್ಲಿ ಇಳಿದ ಮೇಲೆ ಅದನ್ನು ನನ್ನ ಕೈಗೆ ಕೊಟ್ಟ.

“ಒಗಿ. ಗಂಜಿ ಹಾಕು. ನಾಳಿ ಅಂಗಡಿ ಮನಿಗೆ ನೀನs ಒಯ್ಯಿ. ಏನು ಮಾಡ್ದಿ ಅಂತ ಹೇಳಿ ಕೊಡು. ಮನಿ ಬಿಡಿಸಿದ್ರ ಬಿಡಸ್ತಾರ.”

ನಾನು ಹೇಳಿದೆ. ಅವರ ಮನೆಯ ಪಡಸಾಲೆಯಲ್ಲಿ ನಿಂತು, ಶರಣಪ್ಪನ ತಾಯಿಯ ಮುಂದೆ. ಶರಣಪ್ಪ ಬಿದ್ದು ಬಿದ್ದು ನಕ್ಕ.

“ನನಗಿಂತ ಚಲೋ ಕಂಡ್ಯೇನಲೇ?”

“ಇಲ್ರಿ. ತೋಳು ಉದ್ದ ಆದ್ವು.”

“ಇಟ್ಕ ಹೋಗು, ನಿನಗs ಇರಲಿ.”

“ಬ್ಯಾಡ್ರಿ,” ಅಂದೆ. ಆ ಗುರುತು ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವರು ಮನೆ ಬಿಡಿಸಲಿಲ್ಲ, ಒಗೆಯುವ ಕೆಲಸ ನಮ್ಮಲ್ಲೇ ಉಳಿಯಿತು. ಶರಣಪ್ಪನ ಜೇಬಿನಲ್ಲಿ ಬೀಡಿ ಪುಡಿ ಬರುವುದೂ ನಿಲ್ಲಲಿಲ್ಲ. ಆದರೆ ಅವನು ಕೆಟ್ಟವನು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ನಕ್ಕು ಬಿಟ್ಟನಲ್ಲ, ಅದು ಅವನ ದೊಡ್ಡತನ. ಗಂಟಿನಲ್ಲೂ ಕಾಣದ್ದು ಸ್ವಲ್ಪ ಇರುತ್ತದೆ.

ಅಂಗಡಿ ಮನೆಯಿಂದ ವಾಪಸು ಬಂದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಗೊತ್ತಾಗಿತ್ತು ಅವಳಿಗೆ. ನಾನು ಒಲೆಯ ಹತ್ತಿರ ಹೋಗಿ ನಿಂತೆ. “ಬೆನ್ನು ತಿರುಗಿಸು,” ಅಂದಳು. ತಿರುಗಿಸಿದೆ. ಹಿಟ್ಟಿನ ಕೈಯಲ್ಲಿ ತೇಪೆಯ ಮೇಲೆ ಒಂದು ಏಟು ಕೊಟ್ಟಳು. ಐದು ಬೆರಳ ಗುರುತು ಮೂಡಿತಂತೆ, ಅವ್ವ ನೋಡಿ ನಕ್ಕಳು. ಅಂಗಿಯನ್ನು ಅವತ್ತು ಒಗೆಯಲಿಲ್ಲ.

ಅಕ್ಕ ಸಿರುಗುಪ್ಪಕ್ಕೆ ಹೋಗಿ ಈಗ ಎರಡು ಮಕ್ಕಳ ತಾಯಿ. ಕಾಲುವೆಯ ನೀರಿನಲ್ಲಿ ಒಗೆದರೂ ಕೈ ನೋಯುತ್ತದೆಯಂತೆ, ಅಪ್ಪ ಹೇಳಿದ್ದು ಅಷ್ಟು ಖರೆ ಅಲ್ಲ. ಅವಳ ಮದುವೆಗೆ ಅಪ್ಪ ಕಾರ್ಡು ಹಿಡಿದು ಎರಡು ದಿನ ಸಾಲು ನಿಂತು ತಂದ ಮಾಂಜರಪಾಟದಲ್ಲಿ ನನಗೆ ಅಂಗಿ ಹೊಲಿಸಿದ. ನನ್ನದೇ ಎಂದು ಹೊಲಿಸಿದ ಮೊದಲ ಅಂಗಿ ಅದು. ಒರಟು, ಮೈಗೆ ಚುಚ್ಚುತ್ತಿತ್ತು. ಎಷ್ಟು ಸಲ ಕೊರಳಪಟ್ಟಿ ತಿರುವಿ ನೋಡಿಕೊಂಡೆನೋ ಲೆಕ್ಕ ಇಲ್ಲ.

ಈಗ ಬಳ್ಳಾರಿಯಲ್ಲಿ ನನಗೂ ನಾಲ್ಕು ಒಳ್ಳೆಯ ಅಂಗಿ ಇವೆ. ಒಂದು ಕೆನೆ ಬಣ್ಣದ ಪಾಪ್ಲಿನ್ನೂ ಇದೆ. ಅದನ್ನು ಹಾಕಿಕೊಂಡು ಸಿರುಗುಪ್ಪಕ್ಕೆ ಹೋದರೆ ತಿಮ್ಮಪ್ಪ ಮಾವ ಅಂಗಳದಲ್ಲೇ ಎದುರಾಗಿ, “ಬಾರಪಾ ಅಳಿಯಾ,” ಎಂದು ಹೆಗಲ ಮೇಲೆ ಕೈ ಹಾಕುತ್ತಾರೆ. ಕಣ್ಣು ಮಂದವಾಗಿದೆ ಅವರಿಗೆ, ಮನುಷ್ಯರ ಮುಖ ಸರಿಯಾಗಿ ಕಾಣುವುದಿಲ್ಲ. ಹೆಬ್ಬೆರಳು ಮಾತ್ರ ಮೆಲ್ಲಗೆ ಕೊರಳಪಟ್ಟಿಗೆ ಬರುತ್ತದೆ. ಅವರಿಗೆ ಅನುಕೂಲವಾಗಲಿ ಎಂದು ನಾನು ತಲೆ ಬಗ್ಗಿಸಿ ನಿಲ್ಲುತ್ತೇನೆ.